ಜಲಂಧರದಲ್ಲಿ ಸಿಕ್ಕ ಕುಂದಗೋಳದ ವಿಳಾಸ

ಭೀಮಸೇನ ಜೋಶಿಯವರು ಮನೆ ಬಿಟ್ಟು ಓಡಿಹೋದ ಕಥೆ ಧಾರವಾಡ, ಗದಗ ಕಡೆಯವರಿಗೆ ಹೊಸದೇನಲ್ಲ. 1922ರಲ್ಲಿ ಹುಟ್ಟಿದ ಹುಡುಗ. ತಂದೆ ಶಾಲೆ ಮೇಷ್ಟ್ರು. ಮನೆ ತುಂಬ ಮಕ್ಕಳು, ಇವನೇ ಹಿರಿಯವನು. ಬ್ಯಾಂಡಿನ ಸದ್ದು ಕೇಳಿದರೆ ಸಾಕು, ಮೆರವಣಿಗೆಯ ಹಿಂದೆ ಹೊರಟೇಬಿಡೋನು. ಒಂದು ದಿನ ಅಂಗಡಿಯೊಂದರ ಮುಂದೆ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ರೆಕಾರ್ಡು ಕಿವಿಗೆ ಬಿತ್ತು. ಝಿಂಝೋಟಿ ರಾಗದ ಠುಮ್ರಿ ಅಂತ ಹೆಚ್ಚಿನವರು ಹೇಳುತ್ತಾರೆ. ಆಗಿನ ರೆಕಾರ್ಡು ಅಂದರೆ ಒಂದು ಬದಿಗೆ ಮೂರು ನಿಮಿಷದ ಆಸುಪಾಸು, ಅಷ್ಟೇ. ಆ ಮೂರು ನಿಮಿಷ ಕೇಳಿದ ಹುಡುಗನಿಗೆ ಹಾಡಿದರೆ ಹೀಗೆ ಹಾಡಬೇಕು ಅನ್ನಿಸಿಬಿಟ್ಟಿತು. 1933ರಲ್ಲಿ, 11ನೇ ವಯಸ್ಸಿನಲ್ಲಿ, ಹೇಳಿಕೊಡುವ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ.

ಇವತ್ತು ನಮ್ಮ ಫೋನಿನಲ್ಲಿ ಒಂದು ಹಾಡು ಮುಗಿಯೋ ಹೊತ್ತಿಗೆ ಅಂಥದ್ದೇ ಇನ್ನೊಂದು ತಾನಾಗೇ ಶುರುವಾಗುತ್ತೆ. "ಇದು ಇಷ್ಟವಾಯ್ತು, ಇಂಥದ್ದು ಇನ್ನೆಲ್ಲಿದೆ?" ಅನ್ನೋ ಪ್ರಶ್ನೆಯನ್ನು ನಾವು ಕೇಳೋದೇ ಬೇಡ. ಆ ಹುಡುಗ ಇದೇ ಪ್ರಶ್ನೆ ಕೇಳೋಕೆ ರೈಲು ಹತ್ತಬೇಕಾಯ್ತು.

ಉತ್ತರ ಸಿಗೋಕೆ ಮೂರು ವರ್ಷ ಹಿಡಿಯಿತು. ಪುಣೆ, ಗ್ವಾಲಿಯರ್, ಕಲ್ಕತ್ತಾ, ದಿಲ್ಲಿ, ರಾಂಪುರ ಅಂತ ಅಲೆದ. ಕೈಯಲ್ಲಿ ಕಾಸಿಲ್ಲ, ರೈಲಿನಲ್ಲಿ ಹಾಡಿಕೊಂಡೇ ದಾರಿ ಸಾಗಿಸಿದ. ಗ್ವಾಲಿಯರಿನ ಮಹಾರಾಜರು ನಡೆಸುತ್ತಿದ್ದ ಸಂಗೀತ ಶಾಲೆಯಲ್ಲಿ ಸೇರಿಕೊಳ್ಳಲು ಸರೋದ್ ವಾದಕ ಹಾಫಿಜ್ ಅಲಿ ಖಾನ್ ನೆರವಾದರು. ರಾಂಪುರದಲ್ಲಿ ಮುಷ್ತಾಕ್ ಹುಸೇನ್ ಖಾನರ ಹತ್ತಿರ ಕಲಿತ. ಕೊನೆಗೆ ಪಂಜಾಬಿನ ಜಲಂಧರ. ಅಲ್ಲಿಗೆ ಹಾಡಲು ಬಂದಿದ್ದ ವಿನಾಯಕರಾವ್ ಪಟವರ್ಧನರು ಈ ಹುಡುಗನಿಗೆ ಹೇಳಿದ ಮಾತಿನ ತಾತ್ಪರ್ಯ ಇಷ್ಟು: ನೀನು ಇಲ್ಲಿ ಯಾಕಿದ್ದೀಯ? ನಿನಗೆ ಬೇಕಾದವರು ನಿಮ್ಮ ಕಡೆನೇ ಇದ್ದಾರಲ್ಲ, ಕುಂದಗೋಳದ ರಾಮಭಾವು, ಸವಾಯಿ ಗಂಧರ್ವ, ಅವರ ಹತ್ತಿರ ಹೋಗು. ಅಷ್ಟರಲ್ಲಿ ತಂದೆಯೂ ಹುಡುಕುತ್ತಾ ಜಲಂಧರಕ್ಕೆ ಬಂದು ಮಗನನ್ನು ಮನೆಗೆ ಕರೆತಂದರು. 1936ರಲ್ಲಿ ಸವಾಯಿ ಗಂಧರ್ವರು ಅವನನ್ನು ಶಿಷ್ಯನಾಗಿ ಒಪ್ಪಿಕೊಂಡರು.

ಕುಂದಗೋಳ ಎಲ್ಲಿದೆ ಗೊತ್ತಲ್ಲ? ಹುಬ್ಬಳ್ಳಿಗೆ ಅಂಟಿಕೊಂಡ ಹಾಗೆ ಇದೆ. ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದ ಮೇಲಿನ ಸಣ್ಣ ಸ್ಟೇಷನ್. ಹಬ್ಬಕ್ಕೆ ಊರಿಗೆ ಹೋಗುವಾಗ ಯಶವಂತಪುರದಲ್ಲಿ ನಾನು ಹತ್ತೋ ರೈಲು ಅಲ್ಲಿ ನಿಲ್ಲೋದಿಲ್ಲ. ಬೆಳಗಿನ ಜಾವ, ಚಾದರ ಮಡಚಿ ಬ್ಯಾಗಿಗೆ ತುರುಕುತ್ತಿರುವಾಗ, ಹಳದಿ ಬೋರ್ಡು ಸರ್‍ರಂತ ಹಿಂದೆ ಹೋಗುತ್ತೆ. ಗದಗದಿಂದ ಅರ್ಧ ದಿನದಲ್ಲಿ ತಲುಪಬಹುದಾದ ಊರಿನ ವಿಳಾಸ ಆ ಹುಡುಗನಿಗೆ ಸಿಕ್ಕಿದ್ದು ಪಂಜಾಬಿನಲ್ಲಿ.

ನನ್ನನ್ನು ಕಾಡೋದು ಓಡಿಹೋದ ಸಾಹಸ ಅಲ್ಲ, ಈ ಸುತ್ತು. ರಾಮಭಾವು ಕುಂದಗೋಳಕರ್ ಅಬ್ದುಲ್ ಕರೀಂ ಖಾನರ ನೇರ ಶಿಷ್ಯ. ಖಾನ್ ಸಾಹೇಬರು ಉತ್ತರ ಪ್ರದೇಶದ ಕೈರಾನಾದವರು. 'ಕಿರಾನಾ ಘರಾನಾ' ಅನ್ನೋ ಹೆಸರು ಆ ಊರಿನದೇ. ಆದರೆ ಮೈಸೂರಿನ ಆಸ್ಥಾನಕ್ಕೆ ಹೋಗಿ ಬರುತ್ತಾ ಧಾರವಾಡ, ಬೆಳಗಾವಿ, ಕುಂದಗೋಳದ ಜೊತೆ ಗಟ್ಟಿ ನಂಟು ಬೆಳೆಸಿಕೊಂಡು, ಕೊನೆಗೆ ಮಿರಜ್‌ನಲ್ಲಿ ನೆಲೆ ನಿಂತರು. ಕುಂದಗೋಳದ ನಾಡಗೀರ ವಾಡೆಯಲ್ಲಿ ರಾಮಭಾವು ಅವರ ಮುಂದೆ ಕೂತು ಕಲಿತರು. 1933ರಲ್ಲಿ ಖಾನ್ ಸಾಹೇಬರು ಬದುಕಿಯೇ ಇದ್ದರು. ಅವರು ತೀರಿಕೊಂಡದ್ದು 1937ರಲ್ಲಿ. ಅಂದರೆ ಆ ದನಿಯ ಒಡೆಯ ಮಿರಜ್‌ನಲ್ಲಿ, ಶಿಷ್ಯ ಕುಂದಗೋಳದಲ್ಲಿ, ಹುಡುಗ ರಾಂಪುರದಲ್ಲಿ!

ಇದೆಲ್ಲ ರೆಕಾರ್ಡಿನ ಮೇಲೆ ಬರೆದಿರಲಿಲ್ಲ. ಲೇಬಲ್ ಮೇಲೆ ಇರುತ್ತಿದ್ದದ್ದು ಹಾಡಿದವರ ಹೆಸರು, ರಾಗ, ಕಂಪನಿ, ಒಂದು ನಂಬರು. ಈಗ ನಾವು ಮೆಟಾಡೇಟಾ ಅಂತೀವಲ್ಲ, ಅದೇ. ಅದರ ಚರಿತ್ರೆ ಶುರುವಾಗೋದೂ ತಮಾಷೆಯಾಗಿದೆ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ರೆಕಾರ್ಡ್ ಮಾಡಿದಾಗ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಜಂಬಕ್ಕಲ್ಲ. ಡಿಸ್ಕು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಯಾವ ಲೇಬಲ್ ಯಾವುದಕ್ಕೆ ಅಂಟಿಸಬೇಕು ಅಂತ ಗೊತ್ತಾಗಬೇಕಲ್ಲ. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿಗೆ ಬಂದು, ಅರಮನೆಯ ಗಾಯಕಿಯಾಗಿದ್ದು, 1930ರಲ್ಲಿ ಅಲ್ಲೇ ತೀರಿಕೊಂಡರು. ಫ್ಯಾಕ್ಟರಿಗೆ ಬೇಕಾದ ಹೆಸರು ಡಿಸ್ಕಿನ ಮೇಲೆ ಉಳಿಯಿತು. ಕೇಳುಗನಿಗೆ ಮುಂದಿನ ದಾರಿ ತೋರಿಸೋದು ಲೇಬಲ್ಲಿನ ಕೆಲಸವಾಗಿರಲಿಲ್ಲ.

ಪಟವರ್ಧನರ ವಿಚಾರ ಇನ್ನೂ ಸ್ವಲ್ಪ ನೋಡಬೇಕು. ಅವರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು, ಗ್ವಾಲಿಯರ್ ಘರಾನಾದವರು. ಪುಣೆಯಲ್ಲಿ 1932ರಿಂದ ಅವರದೇ ಗಾಂಧರ್ವ ಮಹಾವಿದ್ಯಾಲಯ ನಡೆಯುತ್ತಿತ್ತು. ಒಳ್ಳೆ ಗಂಟಲಿನ ಹುಡುಗ ಸಿಕ್ಕಿದ್ದಾನೆ, "ನಮ್ಮಲ್ಲಿಗೇ ಬಾ" ಅಂದಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಬೇರೆ ಘರಾನಾದವರ ವಿಳಾಸ ಕೊಟ್ಟರು. ಇವತ್ತು ಯಾವ ಕಂಪನಿ ತಾನೇ "ನಿಮ್ಮ ರುಚಿಗೆ ಪಕ್ಕದ ಕಂಪನಿಯ ಆ್ಯಪ್ ಸರಿಹೋಗುತ್ತೆ, ಅದನ್ನು ಹಾಕ್ಕೊಳ್ಳಿ" ಅಂತ ನೋಟಿಫಿಕೇಶನ್ ಕಳಿಸುತ್ತೆ?

ಈಗ ನನ್ನ ಕಸುಬಿನ ಕಡೆಗೆ ಬರ್ತೀನಿ. 1994ರ ಹೊತ್ತಿಗೆ ಅಮೆರಿಕದ ಎಂಐಟಿಯಲ್ಲಿ ರಿಂಗೋ ಅನ್ನೋ ಒಂದು ವ್ಯವಸ್ಥೆ ಮಾಡಿದರು. ಇಮೇಲ್ ಮೂಲಕ ಕೆಲಸ ಮಾಡುತ್ತಿತ್ತು. ಕೆಲವು ಕಲಾವಿದರ ಪಟ್ಟಿ ಬರುತ್ತೆ. ನೀವು ಒಂದರಿಂದ ಏಳರವರೆಗೆ ಅಂಕ ಕೊಟ್ಟು ವಾಪಸ್ ಕಳಿಸಬೇಕು. ನಿಮ್ಮ ಹಾಗೇ ಅಂಕ ಕೊಟ್ಟವರು ಯಾರು ಅಂತ ಹುಡುಕಿ, ಅವರಿಗೆ ಇಷ್ಟವಾದ, ನೀವಿನ್ನೂ ಕೇಳದ ಹೆಸರುಗಳನ್ನು ಅದು ಹೇಳೋದು. ಮರುವರ್ಷ ಅದನ್ನು ಮಾಡಿದ ಉಪೇಂದ್ರ ಶಾರದಾನಂದ್ ಮತ್ತು ಪ್ಯಾಟಿ ಮೇಸ್ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ, ಬಾಯಿಂದ ಬಾಯಿಗೆ ಹರಡುವ ಮಾತನ್ನು ಯಂತ್ರದಿಂದ ಮಾಡಿಸುವುದು ಅನ್ನೋ ಅರ್ಥ ಇತ್ತು. ಇವತ್ತಿನ ಆ್ಯಪ್‌ಗಳಲ್ಲಿ ಇದರ ಮೇಲೆ ಎಷ್ಟೋ ಪದರ ಸೇರಿವೆ, ಹಾಡಿನ ಸದ್ದನ್ನೇ ಅಳೆದು ಹೋಲಿಸುತ್ತಾರೆ, ಆದರೆ ತಳದಲ್ಲಿರೋದು ಬಹುಮಟ್ಟಿಗೆ ಅದೇ ಉಪಾಯ. ಒಂದು ದೊಡ್ಡ ಟೇಬಲ್ ಅಂದುಕೊಳ್ಳಿ. ಅಡ್ಡಕ್ಕೆ ಕೇಳುಗರು, ಉದ್ದಕ್ಕೆ ಹಾಡುಗಳು. ಯಾರು ಯಾವುದನ್ನು ಪೂರ್ತಿ ಕೇಳಿದರು, ಯಾವುದನ್ನು ಅರ್ಧಕ್ಕೆ ಬಿಟ್ಟರು ಅನ್ನೋದು ಅದರಲ್ಲಿ ತುಂಬುತ್ತೆ. ತುಂಬಿರೋ ಮನೆಗಳಿಂದ ಖಾಲಿ ಮನೆಗಳನ್ನು ಊಹಿಸೋದೇ ಲೆಕ್ಕ.

ಲೆಕ್ಕ ಜಾಣತನದ್ದೇ. ಆದರೆ ಅದಕ್ಕೆ ಗೊತ್ತಿರೋದು ಯಾರ ಪಕ್ಕದಲ್ಲಿ ಯಾರನ್ನು ಕೇಳುತ್ತಾರೆ ಅನ್ನೋದು. ಯಾರ ಮುಂದೆ ಯಾರು ಕೂತು ಕಲಿತರು ಅನ್ನೋದಕ್ಕೆ ಆ ಟೇಬಲ್ಲಿನಲ್ಲಿ ಜಾಗ ಇಲ್ಲ. ನಾನಿರೋದು ಕೋಗಿಲಿನಲ್ಲಿ. (ಹೆಸರು ಕೋಗಿಲೆಯ ನೆನಪು ತರುತ್ತೆ, ಬೆಳಗ್ಗೆ ಏಳಿಸೋದು ಮಾತ್ರ ನೀರಿನ ಟ್ಯಾಂಕರ್.) ಕೋಗಿಲು ಕ್ರಾಸ್ ದಾಟಿ ಹೆಬ್ಬಾಳದ ಫ್ಲೈಓವರ್ ಹತ್ತೋಷ್ಟರಲ್ಲಿ ಒಂದು ವಿಲಂಬಿತ್ ಖಯಾಲು ಆರಾಮಾಗಿ ಮುಗಿಯುತ್ತೆ, ಟ್ರಾಫಿಕ್ಕಿಗೆ ಇದೊಂದು ಪುಣ್ಯ. ಭೀಮಸೇನರ ದಾಸರ ಪದ ಹಾಕಿ ಸುಮ್ಮನೆ ಬಿಟ್ಟರೆ ನನ್ನ ಆ್ಯಪ್ ಮುಂದೆ ಕೊಡೋದು ಭಕ್ತಿಗೀತೆ, ಆಮೇಲೆ ಸುಪ್ರಭಾತ, ಜಕ್ಕೂರು ಬರೋ ಹೊತ್ತಿಗೆ ಯಾವುದೋ ಮಂತ್ರ ನೂರೆಂಟು ಸಲ. ತಪ್ಪಲ್ಲ. ದಾಸರ ಪದ ಕೇಳೋ ಬಹಳ ಮಂದಿ ಬೆಳಗ್ಗೆ ಪೂಜೆ ಹೊತ್ತಲ್ಲಿ ಕೇಳ್ತಾರೆ, ಜೊತೆಗೆ ಇವನ್ನೂ ಕೇಳ್ತಾರೆ. ಟೇಬಲ್ ಹಾಗೆ ತುಂಬಿದೆ. ಆದರೆ ಫಿರೋಜ್ ದಸ್ತೂರರ ಕಡೆಗೆ ಅದು ನನ್ನನ್ನು ಯಾವತ್ತೂ ಕರೆದುಕೊಂಡು ಹೋಗಿಲ್ಲ. ಅವರೂ ಸವಾಯಿ ಗಂಧರ್ವರ ಶಿಷ್ಯರು, ಮುಂಬೈಯ ಪಾರ್ಸಿ, ಖಾನ್ ಸಾಹೇಬರ ದನಿಯ ನೆನಪು ತರುವವರು. ಕೇಳೋರು ಕಡಿಮೆ ಇದ್ದರೆ ಟೇಬಲ್ಲಿನಲ್ಲಿ ಮನೆಗಳು ಖಾಲಿ. ಖಾಲಿ ಇದ್ದರೆ ಶಿಫಾರಸು ಇಲ್ಲ, ಶಿಫಾರಸು ಇಲ್ಲದಿದ್ದರೆ ಕೇಳೋರೂ ಇಲ್ಲ. ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರೋ ಹಳೇ ರೋಗ.

ನಡುವೆ ಇನ್ನೊಂದು ಕಾಲ ಇತ್ತು, ಅದನ್ನು ನಾನೇ ನೋಡಿದ್ದೀನಿ. ಗದಗ ಕಡೆಯ ನಮ್ಮ ಹಳ್ಳಿಯಿಂದ ಸಂತೆಗೆ ಹೋದಾಗ ಅಪ್ಪ ಕ್ಯಾಸೆಟ್ ಅಂಗಡಿಗೆ ಒಂದು ಪಟ್ಟಿ ಕೊಟ್ಟು ಬರೋರು. ಖಾಲಿ ಕ್ಯಾಸೆಟ್ಟು, ಒಂದು ಬದಿಗೆ 45 ನಿಮಿಷ. ಪಟ್ಟಿಯ ಹಾಡೆಲ್ಲ ತುಂಬಿಸಿದರೂ ಕೊನೆಯಲ್ಲಿ ಐದಾರು ನಿಮಿಷ ಉಳಿಯೋದು. ಆ ಜಾಗ ಅಂಗಡಿಯವನದು. "ಅಣ್ಣಾರ, ಕಡೀಕ ಸ್ವಲ್ಪ ಜಾಗಾ ಉಳದಿತ್ತು. ಮನ್ಸೂರ ಅವರದೊಂದು ವಚನ ಹಾಕೀನಿ. ಛಲೋ ಅನಿಸಿದ್ರ ಮುಂದಿನ ಸಲ ಹೇಳ್ರಿ." ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ನಮ್ಮ ಮನೆಗೆ ಬಂದದ್ದು ಹೀಗೆ, ಟೇಪಿನ ಬಾಲದಲ್ಲಿ. ವಚನದ ಮಧ್ಯೆ ಟೇಪ್ ಮುಗಿದು ಟಕ್ ಅಂತ ನಿಲ್ಲೋದು. ಉಳಿದದ್ದು ಕೇಳಬೇಕು ಅಂದರೆ ಮುಂದಿನ ಸಂತೆವರೆಗೆ ಕಾಯಬೇಕು. ಆತನ ವ್ಯಾಪಾರದ ಗುಟ್ಟೂ ಅದೇ ಇರಬಹುದು.

ಭೀಮಸೇನರ ಓಟವನ್ನು ಹೇಳುವವರು ಗಂಗೂಬಾಯಿ ಹಾನಗಲ್ಲರ ದಾರಿಯನ್ನೂ ಪಕ್ಕದಲ್ಲಿಟ್ಟು ಹೇಳಬೇಕು. ಅವರು ಒಂಬತ್ತು ವರ್ಷ ಹಿರಿಯರು, 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಅವರೂ ಚಿಕ್ಕವರಿದ್ದಾಗ ಗ್ರಾಮಫೋನ್ ಸದ್ದು ಕೇಳಿದರೆ ಬೀದಿಗೆ ಓಡುತ್ತಿದ್ದರು, ಕೇಳಿದ್ದನ್ನು ಹಾಗೇ ಹಾಡಲು ನೋಡುತ್ತಿದ್ದರು. ಅವರಿಗೂ ಬೇಕಾದದ್ದು ಅದೇ ಗಾಯನ, ಸಿಕ್ಕಿದ ಗುರುವೂ ಅದೇ ಸವಾಯಿ ಗಂಧರ್ವ. ಆದರೆ ಹೆಣ್ಣುಮಗಳು ಮನೆ ಬಿಟ್ಟು ಗ್ವಾಲಿಯರಿಗೆ ಓಡೋದು ಎಲ್ಲಿಂದ ಬಂತು? ಹಾಡುವ ಹೆಣ್ಣುಮಕ್ಕಳ ಮನೆತನ. ಪಾಠಕ್ಕೆ ನಡೆದು ಹೋಗುವಾಗ ಬೀದಿಯವರ ಮೂದಲಿಕೆ ತಪ್ಪಿದ್ದಲ್ಲ. ಅವರು ಓಡಲಿಲ್ಲ, ಮನೆಯೇ ಜಾಗ ಬದಲಿಸಿತು. ಮಗಳು ಹಿಂದುಸ್ತಾನಿ ಕಲಿಯಲಿ ಅಂತ 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂತು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆ ಗಾಯಕಿ ಅನ್ನೋದನ್ನು ನೆನೆದರೆ ಇದರ ತೂಕ ತಿಳಿಯುತ್ತೆ. ಸವಾಯಿ ಗಂಧರ್ವರು ನಾಟಕ ಕಂಪನಿಗಳ ಜೊತೆ ತಿರುಗುತ್ತಿದ್ದ ಕಾಲದಲ್ಲಿ ಪಾಠ ಬಿಟ್ಟು ಬಿಟ್ಟು ಆಯಿತು. ಅವರು ಕುಂದಗೋಳಕ್ಕೆ ಬಂದು ನೆಲೆಸಿದ ಮೇಲೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಪಾಠ ಮುಗಿದ ಮೇಲೆ ಅವರನ್ನು ಸ್ಟೇಷನ್ನಿನವರೆಗೆ ಬಿಟ್ಟು ಬರುತ್ತಿದ್ದವನು ಗುರುವಿನ ಮನೆಯಲ್ಲೇ ಇದ್ದ ಹುಡುಗ, ಭೀಮಸೇನ.

ಗಂಗೂಬಾಯಿಯವರ ಆರಂಭದ ರೆಕಾರ್ಡುಗಳ ಮೇಲೆ ಇರೋ ಹೆಸರು 'ಗಾಂಧಾರಿ'. ಗಂಗೂಬಾಯಿ ಹಾನಗಲ್ ಅನ್ನೋ ಹೆಸರು ನಿಂತದ್ದು ಆಮೇಲೆ. ಈ ಎರಡೂ ಒಬ್ಬರೇ ಅಂತ ಯಾರಾದರೂ ಕೂತು ಬರೆಯದಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು.

ಹಾಗಂತ ಹಿಂದಿನದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಘರಾನಾ ಅಂದರೆ ಎಷ್ಟೋ ಕಡೆ ಬೀಗ ಹಾಕಿದ ಮನೆ. ಕುಟುಂಬದವರಿಗೆ ಬಿಟ್ಟು ಬೇರೆಯವರಿಗೆ ಹೇಳಿಕೊಡದವರು ಇದ್ದರು. ಜೈಪುರ ಘರಾನಾದ ಅಲ್ಲಾದಿಯಾ ಖಾನರಂಥ ದೊಡ್ಡವರ ದನಿ ಕಂಪನಿಯ ಒಂದು ರೆಕಾರ್ಡಿನಲ್ಲೂ ಇಲ್ಲ. ಆ ಬೀಗವನ್ನು ಮುರಿದದ್ದು ಇದೇ ಮೂರು ನಿಮಿಷದ ಡಿಸ್ಕು. ಬೆಳಗಾವಿ ಹತ್ತಿರದ ಸುಳೇಭಾವಿಯ ಶಿವಪುತ್ರ ಅನ್ನೋ ಪುಟ್ಟ ಹುಡುಗ ದೊಡ್ಡ ದೊಡ್ಡ ಗಾಯಕರ ರೆಕಾರ್ಡು ಕೇಳಿ ಅವರಂತೆಯೇ ಹಾಡಿ ಸಭೆಗಳನ್ನು ಬೆರಗುಗೊಳಿಸಿ ಕುಮಾರ ಗಂಧರ್ವ ಆದ. ಅವನಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಭೀಮಸೇನರಿಗೂ ಆಸೆ ಹತ್ತಿಸಿದ್ದು ಯಂತ್ರವೇ ತಾನೇ? ಆ ಅಂಗಡಿಯಲ್ಲಿ ಡಿಸ್ಕು ತಿರುಗದೆ ಇದ್ದಿದ್ದರೆ ಪಟವರ್ಧನರ ಹತ್ತಿರ ಕೇಳೋಕೆ ಪ್ರಶ್ನೆಯೇ ಇರುತ್ತಿರಲಿಲ್ಲ. ಇವತ್ತಿನ ಆ್ಯಪ್ ಕೂಡ ಆ ಅರ್ಧ ಕೆಲಸವನ್ನು ಚೆನ್ನಾಗೇ ಮಾಡುತ್ತೆ. ಖಾನ್ ಸಾಹೇಬರ ಶಿಷ್ಯೆ ರೋಷನ್ ಆರಾ ಬೇಗಂ ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋದವರು. ಅವರ ದನಿ ಕೇಳೋಕೆ ನನಗೆ ವೀಸಾ ಬೇಕಿಲ್ಲ, ಹೆಸರು ಗೊತ್ತಿದ್ದರೆ ಸಾಕು. ಹೆಸರು ಹೇಳೋರು ಬೇಕು, ಅಷ್ಟೇ.

ಆಫೀಸಿನ ನಾವು ನಾಲ್ಕು ಜನ ಈಗ ಒಂದು ಶೀಟ್ ಮಾಡಿಕೊಂಡಿದ್ದೀವಿ. ಕಾಲಮ್ಮುಗಳು ಐದೇ: ಹೆಸರು, ಊರು, ಗುರು, ರೆಕಾರ್ಡಿನ ಮೇಲಿದ್ದ ಹೆಸರು, ಕೇಳಬೇಕಾದ ರಾಗ. ಒಬ್ಬಳು ತಮಿಳಿನವಳು, ಕರ್ನಾಟಕ ಸಂಗೀತದ ಕಡೆಯಿಂದ ತುಂಬುತ್ತಿದ್ದಾಳೆ. ಅಬ್ದುಲ್ ಕರೀಂ ಖಾನರು ತ್ಯಾಗರಾಜರ ಕೃತಿಯೊಂದನ್ನು ಖರಹರಪ್ರಿಯದಲ್ಲಿ ಹಾಡಿ ರೆಕಾರ್ಡ್ ಮಾಡಿದ್ದಾರೆ ಅಂತ ನನಗೆ ಹೇಳಿದವಳು ಅವಳೇ. ಹಾಗಾಗಿ ಖಾನ್ ಸಾಹೇಬರ ಸಾಲಿನಿಂದ ಅವಳ ಕಡೆಗೂ ಒಂದು ಬಾಣದ ಗುರುತು ಹೋಗಿದೆ. ಕಳೆದ ವಾರ ಭೀಮಸೇನರ ಸಾಲಿನಲ್ಲಿ ಗುರು ಅನ್ನೋ ಜಾಗಕ್ಕೆ ಇನ್ನೊಂದು ಹೆಸರು ಸೇರಿಸಿದೆ: ಕುರ್ತಕೋಟಿಯ ಚನ್ನಪ್ಪ. ಓಡಿಹೋಗುವ ಮೊದಲು ಹುಡುಗನಿಗೆ ಭೈರವ, ಭೀಮ್‌ಪಲಾಸಿ ಹೇಳಿಕೊಟ್ಟವರು. ಅವರಿಗೂ ಒಂದು ಸಾಲು ಇದೆ ಈಗ, ಕೊನೆಯ ಎರಡು ಕಾಲಮ್ ಖಾಲಿ.