ದಣಿವಿನ ಸುದ್ದಿಯನ್ನು ತಡೆಯುವ ಬೀಜ

ಚಿಕ್ಕಮಗಳೂರಿಗೆ ಉತ್ತರದಲ್ಲಿ ಕುದುರೆಲಾಳದ ಆಕಾರದಲ್ಲಿ ಹಬ್ಬಿರುವ ಚಂದ್ರದ್ರೋಣ ಪರ್ವತವನ್ನು ಜನ ಬಾಬಾಬುಡನ್‌ಗಿರಿ ಎಂದೇ ಕರೆಯುವುದು ರೂಢಿ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಗುಹಾಕ್ಷೇತ್ರ ಇಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಯೆಮನ್ ದೇಶದ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಈ ಬೆಟ್ಟದಲ್ಲಿ ಬಿತ್ತಿದರು ಎಂಬುದು ಪ್ರತೀತಿ. ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಒಬ್ಬ ಸಂತನಿಗೆ ಈ ಬೀಜದ ಮೇಲೆ ಅಷ್ಟೊಂದು ಆಸ್ಥೆ ಏಕೆ ಎಂಬ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ.

ಉತ್ತರ ಯೆಮನ್ನಿನಲ್ಲಿದೆ. ಹದಿನೈದನೆಯ ಶತಮಾನದಲ್ಲಿ ಅಲ್ಲಿನ ಸೂಫಿಗಳು ರಾತ್ರಿಯಿಡೀ ದೇವರ ನಾಮಸ್ಮರಣೆ ನಡೆಸುವಾಗ ನಿದ್ದೆ ಬಾರದಿರಲೆಂದು ಕಾಫಿ ಕುಡಿಯುತ್ತಿದ್ದರು. 1558ರ ಸುಮಾರಿಗೆ ಅಲ್ ಜಝೀರಿ ಎಂಬ ಅರಬ್ ಲೇಖಕ ಇದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಮತ್ತು ಬರಿಸುವ ಪಾನೀಯವೆಂದು ಶಂಕಿಸಿ 1511ರಲ್ಲಿ ಮೆಕ್ಕಾದ ಅಧಿಕಾರಿಯೊಬ್ಬ ಕಾಫಿಯನ್ನು ನಿಷೇಧಿಸಿದ್ದೂ ಉಂಟು. ಆ ನಿಷೇಧ ಹೆಚ್ಚು ಕಾಲ ಬಾಳಲಿಲ್ಲ. ಹೀಗೆ ಕಾಫಿ ಲೋಕಕ್ಕೆ ಪರಿಚಯವಾದದ್ದು ರುಚಿಗಾಗಿ ಅಲ್ಲ, ಎಚ್ಚರಕ್ಕಾಗಿ.

ಆ ಎಚ್ಚರ ಬರುವುದೆಲ್ಲಿಂದ? ಇದಕ್ಕೆ ಮೊದಲ ಸುಳಿವು ಸಿಕ್ಕಿದ್ದು 1819ರಲ್ಲಿ. ಜರ್ಮನಿಯ ಯೇನಾ ಪಟ್ಟಣದಲ್ಲಿ ರುಂಗೆ ಎಂಬ ಯುವ ರಸಾಯನಜ್ಞ, ವಿಷಗಿಡವೊಂದರ ರಸದಿಂದ ಬೆಕ್ಕಿನ ಕಣ್ಣಿನ ಪಾಪೆ ಹಿಗ್ಗುವುದನ್ನು ಕವಿ ಗಯಟೆಗೆ ತೋರಿಸಿದ. ಮೆಚ್ಚಿದ ಕವಿ ಒಂದಷ್ಟು ಕಾಫಿ ಬೀಜಗಳನ್ನು ಕೊಟ್ಟು, ಇವುಗಳನ್ನೂ ಪರೀಕ್ಷಿಸು ಎಂದ. ರುಂಗೆ ಅದರಿಂದ ಬೇರ್ಪಡಿಸಿದ ಬಿಳಿಯ, ಕಹಿಯಾದ ವಸ್ತುವೇ ಕೆಫೀನ್. ಅದು ದೇಹದಲ್ಲಿ ಏನು ಮಾಡುತ್ತದೆ ಎಂಬುದು ತಿಳಿಯಲು ಮಾತ್ರ ಇನ್ನೂ ಒಂದೂವರೆ ಶತಮಾನ ಬೇಕಾಯಿತು.

ಅದಕ್ಕೆ ಮೊದಲು ನಮ್ಮ ದೇಹದೊಳಗಿನ ಇನ್ನೊಂದು ವಸ್ತುವಿನ ಪರಿಚಯ ಅಗತ್ಯ. ಮಿದುಳಿನ ನರಕೋಶಗಳು ರಾಸಾಯನಿಕಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಸೆರೊಟೋನಿನ್, ಡೋಪಮಿನ್ ಎಂಬ ಹೆಸರುಗಳನ್ನು ಓದುಗರು ಕೇಳಿರಬಹುದು. ಅಷ್ಟು ಪ್ರಸಿದ್ಧವಲ್ಲದ, ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಅಡೆನೋಸಿನ್. ಜೀವಕೋಶಗಳಿಗೆ ಶಕ್ತಿ ಒದಗಿಸುವುದು ಎಟಿಪಿ ಎಂಬ ಸಂಯುಕ್ತ. ಇದನ್ನು 1929ರಲ್ಲಿ ಜರ್ಮನಿಯ ಲೋಮನ್ ಅವರೂ, ಅಮೆರಿಕದ ಹಾರ್ವರ್ಡ್‌ನಲ್ಲಿ ಫಿಸ್ಕೆ ಹಾಗೂ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಪ್ರತ್ಯೇಕವಾಗಿ ಕಂಡುಹಿಡಿದರು. ಎಟಿಪಿ ಖರ್ಚಾಗುತ್ತಾ ಒಡೆದಾಗ ಉಳಿಯುವ ವಸ್ತುಗಳಲ್ಲಿ ಅಡೆನೋಸಿನ್ ಒಂದು. ಅದೇ 1929ರಲ್ಲಿ ಕೇಂಬ್ರಿಜ್‌ನಲ್ಲಿ ಡ್ರೂರಿ ಮತ್ತು ಸೆಂಟ್ ಜ್ಯೋರ್ಜಿ ಎಂಬ ವಿಜ್ಞಾನಿಗಳು ಅಡೆನೋಸಿನ್ ಹೃದಯ ಬಡಿತವನ್ನು ನಿಧಾನಗೊಳಿಸುತ್ತದೆ ಎಂದು ತೋರಿಸಿದರು. ಒಂದು ಬಗೆಯ ವಿಪರೀತ ಎದೆಬಡಿತವನ್ನು ಹತೋಟಿಗೆ ತರಲು ವೈದ್ಯರು ಇಂದಿಗೂ ಇದನ್ನು ಚುಚ್ಚುಮದ್ದಾಗಿ ಕೊಡುತ್ತಾರೆ.

ಮಿದುಳಿನಲ್ಲೂ ಅಡೆನೋಸಿನ್ನಿನ ಕೆಲಸ ವೇಗ ತಗ್ಗಿಸುವುದೇ. ಹಗಲೆಲ್ಲ ದುಡಿದಂತೆ ಅದು ಸ್ವಲ್ಪಸ್ವಲ್ಪವಾಗಿ ಶೇಖರವಾಗುತ್ತದೆ. ನರಕೋಶಗಳ ಮೇಲಿನ ಗ್ರಾಹಕಗಳಲ್ಲಿ, ಬೀಗದಲ್ಲಿ ಕೀಲಿ ಕೂರುವಂತೆ ಕೂರುತ್ತದೆ. ಆಗ ಆಕಳಿಕೆ, ತೂಕಡಿಕೆ ಶುರು. ಬೆಕ್ಕುಗಳನ್ನು ಹೆಚ್ಚು ಹೊತ್ತು ಎಚ್ಚರವಿರಿಸಿದಷ್ಟೂ ಅವುಗಳ ಮಿದುಳಿನ ಒಂದು ಭಾಗದಲ್ಲಿ ಅಡೆನೋಸಿನ್ ಏರುತ್ತದೆ, ನಿದ್ದೆ ಮಾಡಿದಾಗ ಇಳಿಯುತ್ತದೆ ಎಂದು 1997ರ ಅಧ್ಯಯನವೊಂದು ತೋರಿಸಿತು.

ಕೆಫೀನ್ ಕೆಲಸ ಮಾಡುವುದು ಇಲ್ಲಿಯೇ. ಅದರ ಅಣುವಿನ ಆಕಾರ ಅಡೆನೋಸಿನ್ನಿನ ಒಂದು ಭಾಗವನ್ನು ಹೋಲುತ್ತದೆ. ಆದ್ದರಿಂದ ಅದು ಅದೇ ಬೀಗದಲ್ಲಿ ಹೋಗಿ ಕೂರಬಲ್ಲದು, ಆದರೆ ಬೀಗವನ್ನು ತಿರುಗಿಸಲಾರದು. ನಿಜವಾದ ಕೀಲಿಗೆ ಜಾಗವಿಲ್ಲದಂತಾಗುತ್ತದೆ. 1970ರಿಂದ 1981ರವರೆಗಿನ ಪ್ರಯೋಗಗಳು ಇದನ್ನು ಖಚಿತಪಡಿಸಿದವು. ಎ2ಎ ಎಂಬ ಗ್ರಾಹಕವೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಕೆಫೀನ್ ಕೊಟ್ಟರೂ ಎಚ್ಚರ ಹೆಚ್ಚಲಿಲ್ಲ ಎಂಬುದು 2005ರಲ್ಲಿ ತಿಳಿದುಬಂತು.

ಇದರ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಕಾಫಿ ದಣಿವನ್ನು ಕಳೆಯುವುದಿಲ್ಲ. ದಣಿವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ, ಅಷ್ಟೆ. ಅಡೆನೋಸಿನ್ ಕಾದೇ ಇರುತ್ತದೆ. ಕೆಫೀನ್ ಜಾಗ ಬಿಟ್ಟೊಡನೆ ಅದು ಒಟ್ಟಾಗಿ ಬಂದು ಕೂರುತ್ತದೆ. ದಿನವೂ ಕುಡಿಯುವವರಿಗೆ ಒಂದು ದಿನ ಕಾಫಿ ತಪ್ಪಿದರೆ ತಲೆನೋವು ಬರುವುದಕ್ಕೂ, ತಡೆ ತಪ್ಪಿದ ಅಡೆನೋಸಿನ್ ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುವುದು ಒಂದು ಕಾರಣ.

ಗಿಡಕ್ಕೆ ಈ ಕೆಫೀನ್ ಏಕೆ ಬೇಕಿತ್ತು? ಎಳೆಯ ಎಲೆಗೂ ಕಾಯಿಗೂ ಕಹಿ ತುಂಬಿ ಕೀಟಗಳನ್ನು ದೂರವಿಡುವುದಕ್ಕೆ. ಬೆಟ್ಟದ ಎತ್ತರದ ತಂಪಿನಲ್ಲಿ ಬೆಳೆಯುವ ಅರೇಬಿಕಾ ಬೀಜದಲ್ಲಿ ಕೆಫೀನ್ ತೂಕದ ಶೇ. 1ರಿಂದ 1.5ರಷ್ಟಿರುತ್ತದೆ. ತಗ್ಗಿನ, ಸೆಕೆ ಹೆಚ್ಚಿರುವ ತೋಟಗಳಿಗೆ ಒಗ್ಗುವ ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. 2019ರಲ್ಲಿ ಭೌಗೋಳಿಕ ಗುರುತು ಪಡೆದದ್ದು ಬಾಬಾಬುಡನ್‌ಗಿರಿಯ ಅರೇಬಿಕಾ. ಇನ್ನು ನಮ್ಮ ಪುಡಿಗೆ ಬೆರೆಸುವ ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಹಾಗಾಗಿ ಚಿಕೋರಿ ಹೆಚ್ಚಿದಷ್ಟೂ ಡಿಕಾಕ್ಷನ್ ಕಪ್ಪಾಗಿ, ಗಟ್ಟಿಯಾಗಿ ಕಂಡರೂ ಎಚ್ಚರ ಕೊಡುವುದು ಕಡಿಮೆಯೇ.

ಒಮ್ಮೆ ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಸುಮಾರು 5 ಗಂಟೆ ಬೇಕು. ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು. ಸಂಜೆ 5ಕ್ಕೆ ಕುಡಿದದ್ದರ ಅರ್ಧಪಾಲು ರಾತ್ರಿ 10ಕ್ಕೂ ಮೈಯಲ್ಲಿರುತ್ತದೆ. ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಸೇವಿಸಿದವರ ನಿದ್ದೆ ಒಂದು ಗಂಟೆಗೂ ಹೆಚ್ಚು ಮೊಟಕಾಯಿತೆಂದು 2013ರ ಅಧ್ಯಯನವೊಂದು ಹೇಳುತ್ತದೆ. ಆರೋಗ್ಯವಂತ ವಯಸ್ಕರು ಇಡೀ ದಿನದಲ್ಲಿ ಅಷ್ಟನ್ನು ಸೇವಿಸಿದರೆ ತೊಂದರೆಯಿಲ್ಲ, ಗರ್ಭಿಣಿಯರು 200 ಮಿಲಿಗ್ರಾಂ ಮೀರಬಾರದು ಎಂಬುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದ ಮಾತು.

ಯೆಮನ್ನಿನ ಸೂಫಿಗಳು ಬಯಸಿದ್ದು ಪ್ರಾರ್ಥನೆಯ ರಾತ್ರಿಗೆ ಬೇಕಾದ ಎಚ್ಚರವನ್ನು. ಅದೇ ಬೀಜದ ಕಷಾಯವನ್ನು ಇಂದು ಪರೀಕ್ಷೆಗೆ ಓದುವ ಮಕ್ಕಳೂ, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಿಂದ ರಾತ್ರಿ ಚಾರ್ಮಾಡಿ ಘಾಟಿ ಇಳಿಯುವ ಲಾರಿ ಚಾಲಕರೂ ನೆಚ್ಚುತ್ತಾರೆ. ಅವರು ತಿಳಿದಿರಬೇಕಾದದ್ದು ಇಷ್ಟೇ: ಶೇಖರವಾದ ಅಡೆನೋಸಿನ್ನನ್ನು ಇಳಿಸುವುದು ನಿದ್ದೆಯೇ ಹೊರತು ಕಾಫಿಯಲ್ಲ. ಘಾಟಿಯ ತಿರುವುಗಳಲ್ಲಿ ಕಣ್ಣು ಎಳೆಯತೊಡಗಿದರೆ ಒಂದು ಲೋಟ ಕುಡಿದು ಮುಂದೆ ಹೊರಡುವುದಕ್ಕಿಂತ, ಕುಡಿದ ಬಳಿಕ ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದು ಮೇಲು.