ಗ್ರೀನ್ ಕಾರ್ಡಿನ ಸಾಲು ಇಷ್ಟು ಉದ್ದ ಆಗಿದ್ದು ಹೇಗೆ?

ಹಿರೀಸಾವೆಯ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಕೂತರೆ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. "ನಿಮ್ಮ ಹುಡುಗನಿಗೆ ಗ್ರೀನ್ ಕಾರ್ಡ್ ಆಯ್ತಾ?" "ಇನ್ನೂ ಇಲ್ಲ ಕಣಣ್ಣ, ಮುಂದಿನ ವರ್ಷ ಆಗಬಹುದಂತೆ." ವರ್ಷಗಟ್ಟಲೆ ಇದೇ ಉತ್ತರ ಕೊಡುತ್ತಿರುವ ಅಪ್ಪಂದಿರು ನಮ್ಮ ಕಡೆ ಇದ್ದಾರೆ. ಮಗ ಏನೋ ಮುಚ್ಚಿಡುತ್ತಿದ್ದಾನೆ ಎಂದು ಒಳಗೊಳಗೇ ನೊಂದುಕೊಳ್ಳುವವರೂ ಉಂಟು. ಮಗ ಮುಚ್ಚಿಡುತ್ತಿಲ್ಲ. ಅವನು ನಿಂತಿರುವ ಸಾಲು ಅವನು ಹುಟ್ಟುವ ಮೊದಲಿನಿಂದಲೇ ಬೆಳೆದುಕೊಂಡು ಬಂದದ್ದು.

ಅಮೆರಿಕ 1917ರ ಕಾಯ್ದೆಯಲ್ಲಿ ಭಾರತದವರು ಬಂದು ನೆಲೆಸುವುದನ್ನೇ ತಡೆದಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ ಅಲ್ಲಿನ ಸುಪ್ರೀಂ ಕೋರ್ಟು ಪೌರತ್ವ ಕೊಡಲಾಗದು ಎಂದಿತು. ಅವರು ಬಿಳಿಯರಲ್ಲ ಎಂಬುದೇ ಕಾರಣ. ಅಮೆರಿಕದ ಸೈನ್ಯದಲ್ಲಿ ದುಡಿದಿದ್ದರೂ ಲೆಕ್ಕಕ್ಕೆ ಬರಲಿಲ್ಲ. 1946ರಲ್ಲಿ ಬಾಗಿಲು ಕೊಂಚ ಸರಿಯಿತು: ಇಡೀ ಭಾರತಕ್ಕೆ ವರ್ಷಕ್ಕೆ 100 ಜನ. ನಮ್ಮೂರಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಎರಡು ಬಸ್ಸು ತುಂಬುವಷ್ಟು!

ನಿಜವಾಗಿ ಬಾಗಿಲು ತೆರೆದದ್ದು 1965ರ ಅಕ್ಟೋಬರ್ 3ರಂದು, ಅಧ್ಯಕ್ಷ ಜಾನ್ಸನ್ ಹೊಸ ಕಾಯ್ದೆಗೆ ಸಹಿ ಹಾಕಿದಾಗ. ಹುಟ್ಟಿದ ದೇಶ ನೋಡಿ ಹಂಚುತ್ತಿದ್ದ ಹಳೇ ಪದ್ಧತಿ ಹೋಗಿ, ವಿದ್ಯೆ ಮತ್ತು ಕುಟುಂಬಕ್ಕೆ ಬೆಲೆ ಬಂತು. ಡಾಕ್ಟರುಗಳು, ಇಂಜಿನಿಯರುಗಳು ಹೊರಟರು. ನಮ್ಮ ಹಾಸನದಲ್ಲೂ 1960ರಲ್ಲೇ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಶುರುವಾಗಿತ್ತು. ಹೇಮಾವತಿ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿ ಅಲ್ಲಿಗೆ ಹೋಗಿಬಂದು 'ಅಮೆರಿಕದಲ್ಲಿ ಗೊರೂರು' ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಜಿಲ್ಲೆಯವರಿಗೆ ಅಮೆರಿಕವನ್ನು ಪಕ್ಕದ ಹಟ್ಟಿಯಷ್ಟು ಹತ್ತಿರ ತಂದ ಪುಸ್ತಕ ಅದು.

ಆಮೇಲೆ ಬಂದದ್ದು 1990ರ ಕಾಯ್ದೆ. ಇವತ್ತಿನ ಗೋಜಲೆಲ್ಲ ಇಲ್ಲಿದೆ. ಎಚ್-1ಬಿ ಎಂಬ ಕೆಲಸದ ವೀಸಾ ಹುಟ್ಟಿದ್ದು ಆಗಲೇ, ವರ್ಷಕ್ಕೆ 65,000 ಎಂಬ ಮಿತಿಯಲ್ಲಿ. ಅದರಲ್ಲಿ ಯಾವ ದೇಶಕ್ಕೆ ಎಷ್ಟು ಎಂಬ ಕಟ್ಟಿಲ್ಲ. ಸಾಫ್ಟ್‌ವೇರ್ ಕಾಲದಲ್ಲಿ ನಮ್ಮ ಹುಡುಗರೇ ಅದರ ದೊಡ್ಡ ಪಾಲು ಪಡೆದರು. ಆದರೆ ಅಲ್ಲೇ ಕಾಯಂ ಆಗಿ ಇರಲು ಬೇಕಾದ ಗ್ರೀನ್ ಕಾರ್ಡು ಕೆಲಸದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಮಾತ್ರ, ಅದರಲ್ಲೂ ಒಂದು ದೇಶಕ್ಕೆ ಶೇ. 7. ಎಂದರೆ ಸುಮಾರು 9,800. ಬೇರೆ ದೇಶದವರು ಬಳಸದೆ ಬಿಟ್ಟರೆ ಸ್ವಲ್ಪ ಹೆಚ್ಚು ಸಿಗಬಹುದು. ನೂರಾನಲವತ್ತು ಕೋಟಿ ಜನರ ಭಾರತಕ್ಕೂ ಅದೇ ಮಿತಿ, ನಾಲ್ಕು ಲಕ್ಷವೂ ಇಲ್ಲದ ಐಸ್‌ಲ್ಯಾಂಡಿಗೂ ಅದೇ. ಕೆರೆಗೆ ನೀರು ಬರುವ ಕಾಲುವೆ ಅಗಲವಾಗಿದ್ದು ತೂಬು ಬೆರಳಷ್ಟಿದ್ದರೆ ಏನಾಗುತ್ತದೋ ಅದೇ ಆಯಿತು.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಆ 9,800ರಲ್ಲಿ ಹೆಂಡತಿ ಮಕ್ಕಳೂ ಸೇರುತ್ತಾರೆ. ಒಬ್ಬ ಕೆಲಸಗಾರ, ಹೆಂಡತಿ, ಇಲ್ಲಿ ಹುಟ್ಟಿದ ಇಬ್ಬರು ಮಕ್ಕಳು ಎಂದರೆ ನಾಲ್ಕು ಕಾರ್ಡು ಮುಗಿಯಿತು.

ಎಚ್-1ಬಿ ಅವಧಿ ಆರು ವರ್ಷ. ಸಾಲು ಅದಕ್ಕಿಂತ ಉದ್ದ ಆದಾಗ, ಗ್ರೀನ್ ಕಾರ್ಡಿನ ಪ್ರಕ್ರಿಯೆ ಶುರುವಾಗಿದ್ದರೆ ಅವಧಿ ವಿಸ್ತರಿಸಲು 2000ದ ಕಾಯ್ದೆ ದಾರಿ ಮಾಡಿತು. ಕಾಯುವುದು ಹೋಗಲಿಲ್ಲ, ಕಾಯಲು ಜಾಗ ಸಿಕ್ಕಿತು. ಜೊತೆಗೆ ಹೋದ ಸೊಸೆಯಂದಿರ ಪಾಡು ಇನ್ನೂ ಕಷ್ಟ. ಬಿ.ಇ., ಎಂ.ಎಸ್ಸಿ. ಓದಿದವರೂ ಎಚ್-4 ವೀಸಾದಲ್ಲಿ ಕೆಲಸಕ್ಕೆ ಹೋಗುವಂತಿರಲಿಲ್ಲ. 2015ರ ಮೇ ತಿಂಗಳಿಂದ ಅವರಲ್ಲಿ ಕೆಲವರಿಗೆ, ಗಂಡನ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ, ಅನುಮತಿ ಸಿಕ್ಕಿತು. ಹಿರೀಸಾವೆಯಿಂದ ಎತ್ತಿಕೊಂಡು ಹೋದ ಕೂಸು ಅಲ್ಲೇ ಬೆಳೆದು 21 ತುಂಬಿದರೆ ಅಪ್ಪನ ಅರ್ಜಿಯಿಂದ ಹೊರಗೆ ಬೀಳುತ್ತದೆ. 2002ರ ಕಾಯ್ದೆ ಆ ಲೆಕ್ಕದಲ್ಲಿ ಕೊಂಚ ರಿಯಾಯಿತಿ ಕೊಡುತ್ತದೆ, ಅಷ್ಟೇ. ಈ ನಿಯಮ ನಮಗೆ ಅನ್ಯಾಯ ಎನಿಸುತ್ತದೆ.

ಕೆನಡಾ ಬೇರೆ ದಾರಿ ಹಿಡಿಯಿತು. 1967ರಿಂದ ಅಲ್ಲಿ ಅಂಕ ಪದ್ಧತಿ. ವಯಸ್ಸು, ಓದು, ಭಾಷೆಗೆ ಅಂಕ, ದೇಶವಾರು ಮಿತಿಯಿಲ್ಲ. ಅಮೆರಿಕದಲ್ಲಿ ಕಾದು ಬೇಸತ್ತವರು ಅತ್ತ ಹೊರಳಿದ್ದು ಸುಮ್ಮನೆ ಅಲ್ಲ.

ಊರಲ್ಲಿರುವ ಅಪ್ಪ ಅಮ್ಮನ ವಿಷಯ. ಗ್ರೀನ್ ಕಾರ್ಡು ಬಂದ ಮಾತ್ರಕ್ಕೆ ಮಗ ಅವರನ್ನು ಕಾಯಂ ಆಗಿ ಕರೆಸಿಕೊಳ್ಳಲಾಗದು. ಅವನು ಅಮೆರಿಕದ ಪ್ರಜೆ ಆಗಬೇಕು. ಅದಕ್ಕೆ ಸಾಮಾನ್ಯವಾಗಿ ಕಾರ್ಡು ಬಂದ ಮೇಲೆ ಐದು ವರ್ಷ. ಅಲ್ಲಿಯವರೆಗೆ ಪ್ರವಾಸಿ ವೀಸಾದಲ್ಲಿ ಹೋಗಿ, ಮೊಮ್ಮಕ್ಕಳ ಮುಖ ನೋಡಿ, ಕೆಲವು ತಿಂಗಳಲ್ಲಿ ವಾಪಸ್ಸು. ಪ್ರಜೆಯಾದರೆ ಭಾರತದ ಪೌರತ್ವ ಬಿಡಬೇಕು. ಆಗಲೂ ಅಪ್ಪನ ತೆಂಗಿನ ತೋಟ ಪಿತ್ರಾರ್ಜಿತವಾಗಿ ಬರಬಹುದು, ಆದರೆ ಪಕ್ಕದ ಹೊಲ ಕೊಳ್ಳುವಂತಿಲ್ಲ.

2024ರ ಜನವರಿಯಲ್ಲಿ ಅಮೆರಿಕ ಪ್ರಕಟಿಸಿದ ಪಟ್ಟಿಯಲ್ಲಿ, ಹೆಚ್ಚು ಓದಿದವರ ಇಬಿ-2 ವಿಭಾಗದಲ್ಲಿ ಭಾರತದವರ ಸರದಿ 2012ರ ಮಾರ್ಚ್ 1ಕ್ಕೆ ಬಂದು ನಿಂತಿತ್ತು. ಅದಕ್ಕಿಂತ ಮೊದಲು ಹೆಸರು ಬರೆಸಿದವರಿಗೆ ಮಾತ್ರ ಆ ತಿಂಗಳು ಕಾರ್ಡು. ಈ ಪಟ್ಟಿ ಪ್ರತಿ ತಿಂಗಳೂ ಬರುತ್ತದೆ, ಫೋನಿನಲ್ಲೇ ನೋಡಬಹುದು. ಮುಂದಿನ ಸಲ ಮಗ ಫೋನ್ ಮಾಡಿದಾಗ "ಯಾವಾಗ ಆಗುತ್ತಪ್ಪಾ" ಎನ್ನುವ ಬದಲು "ನಿನ್ನ ಪ್ರಯಾರಿಟಿ ಡೇಟು ಯಾವುದು" ಎಂದು ಕೇಳಿ ನೋಡಿ.