ಒಂದು ದಿನದ ಚರಿತ್ರೆ ಹೇಳುವ ಮೀನು

ಚರಿತ್ರೆಯೆಂದೊಡನೆ ನಮಗೆ ನೆನಪಾಗುವುದು ಶಾಸನ, ನಾಣ್ಯ, ತಾಳೆಗರಿ. ಮನುಷ್ಯನೇ ಹುಟ್ಟಿರದ ಕಾಲದ ಒಂದು ದಿನದ ವೃತ್ತಾಂತವನ್ನು ತಿಳಿಯಬೇಕಾದರೆ ಯಾರನ್ನು ಕೇಳಬೇಕು? ಮೀನನ್ನು ಕೇಳಿರಿ ಎಂದರೆ ನೀವು ನಕ್ಕೀರಿ. ಆದರೂ ಸಂಗತಿ ನಿಜ.

ಆ ಮೀನಿನ ಹೆಸರು ಸ್ಟರ್ಜನ್. ನಮ್ಮ ಕಾವೇರಿ, ಕೃಷ್ಣೆಗಳಲ್ಲಿ ಅದಿಲ್ಲ. ಉತ್ತರಾರ್ಧಗೋಳದ ತಂಪು ನಾಡುಗಳ ನದಿ, ಕಡಲುಗಳಲ್ಲಿ ಅದರ ವಾಸ. ಮೈಯುದ್ದಕ್ಕೂ ಐದು ಸಾಲು ಎಲುಬಿನ ಬಿಲ್ಲೆಗಳು, ಮೂತಿಯ ಕೆಳಗೆ ನಾಲ್ಕು ಮೀಸೆಗಳು, ಹಲ್ಲಿಲ್ಲದ ಬಾಯಿ.

ಅಮೆರಿಕದ ಉತ್ತರ ಡಕೋಟಾ ರಾಜ್ಯದಲ್ಲಿ ಟ್ಯಾನಿಸ್ ಎಂಬ ನೆಲೆಯಿದೆ. ಅಲ್ಲಿ ಪ್ರಾಚೀನ ನದಿಯೊಂದರ ಹೂಳು ಕಲ್ಲಾಗಿರುವ ಪದರದಲ್ಲಿ ಸ್ಟರ್ಜನ್‌ಗಳೂ ಅವುಗಳ ಬಂಧುಗಳಾದ ಪ್ಯಾಡಲ್ ಮೀನುಗಳೂ ಒಂದರ ಮೇಲೊಂದು ಬಿದ್ದಿವೆ. ಅವುಗಳ ಕಿವಿರುಗಳಲ್ಲಿ ಗಾಜಿನ ಪುಟ್ಟ ಮಣಿಗಳು ಸಿಕ್ಕಿಕೊಂಡಿರುವುದು 2019ರಲ್ಲಿ ಪ್ರಕಟವಾಯಿತು.

ನದಿಯಲ್ಲಿ ಗಾಜೆಲ್ಲಿಂದ ಬಂತು? 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಅಲ್ಲಿಂದ ಸುಮಾರು 3,000 ಕಿಲೋಮೀಟರ್ ದೂರದಲ್ಲಿ, ಇಂದಿನ ಮೆಕ್ಸಿಕೋದ ಯುಕಟಾನ್ ಬಳಿ ಕ್ಷುದ್ರಗ್ರಹವೊಂದು ಭೂಮಿಗೆ ಅಪ್ಪಳಿಸಿತು. ಕರಗಿ ಮೇಲಕ್ಕೆ ಚಿಮ್ಮಿದ ಶಿಲೆ ಗಾಜಿನ ಹನಿಗಳಾಗಿ ಸುರಿಯಿತು. ಆ ಹೊಡೆತದ ಕಂಪನದಿಂದ ನದಿಯಲ್ಲಿ ನೀರು ಹಿಮ್ಮುಖವಾಗಿ ನುಗ್ಗಿ, ಮೀನುಗಳನ್ನು ಜೀವಂತವಾಗಿಯೇ ಹೂಳಿನಲ್ಲಿ ಮುಚ್ಚಿತೆಂದು ವಿಜ್ಞಾನಿಗಳು ಹೇಳುತ್ತಾರೆ. ಮಣಿಗಳು ಕಿವಿರಿನಲ್ಲಿವೆ, ಹೊಟ್ಟೆಗೆ ಇಳಿದಿಲ್ಲ. ಸಾವು ಅಷ್ಟು ಬೇಗ ಬಂದಿತ್ತು.

ಮೀನಿನ ಸಾಕ್ಷ್ಯ ಇಷ್ಟಕ್ಕೇ ಮುಗಿಯಲಿಲ್ಲ. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಮೂಡುವಂತೆ ಮೀನಿನ ಮೂಳೆಯಲ್ಲಿಯೂ ಬೆಳವಣಿಗೆಯ ಗೆರೆಗಳು ಮೂಡುತ್ತವೆ. ಟ್ಯಾನಿಸ್‌ನ ಆರು ಮೀನುಗಳ ಮೂಳೆಗಳನ್ನು ಸಂಶೋಧಕರು ಪರೀಕ್ಷಿಸಿದರು. ಚಳಿಗಾಲದ ಗೆರೆ ಕಳೆದು ಹೊಸ ಬೆಳವಣಿಗೆ ಆಗತಾನೆ ಮೊದಲಾಗಿತ್ತು. ಡೈನೋಸಾರ್‌ಗಳ ಯುಗವನ್ನು ಮುಗಿಸಿದ ಆ ದಿನ, ಉತ್ತರಾರ್ಧಗೋಳದಲ್ಲಿ ವಸಂತಋತು ಎಂದು 2022ರಲ್ಲಿ ಅವರು ಸಾರಿದರು.

ಅದೇ ವರ್ಷ ಹಿಲ್ಟನ್ ಮತ್ತು ಗ್ರ್ಯಾಂಡೆ ಎಂಬ ವಿದ್ವಾಂಸರು ಟ್ಯಾನಿಸ್‌ನ ಸ್ಟರ್ಜನ್‌ಗಳಲ್ಲಿ ಎರಡು ಹೊಸ ಜಾತಿಗಳನ್ನು ಗುರುತಿಸಿ ಹೆಸರಿಟ್ಟರು. ಆ ಎರಡು ಜಾತಿಗಳೂ ಇಂದು ಕಲ್ಲಿನಲ್ಲಿ ಮಾತ್ರ ಉಂಟು. ಆದರೆ ಸ್ಟರ್ಜನ್ ಕುಲ ಅಳಿಯಲಿಲ್ಲ. ಆಕಾಶದಿಂದೆರಗಿದ ಆ ಆಪತ್ತನ್ನೂ ದಾಟಿ ಅದು ನಮ್ಮ ಕಾಲದವರೆಗೆ ಬಂದಿದೆ.

ಹಾಗೆ ಬಂದುದರ ಗತಿಯನ್ನೂ ಕೇಳಿರಿ. ಉಳಿದಿರುವ 26 ಜಾತಿಗಳೂ ಅಳಿವಿನ ಅಪಾಯದಲ್ಲಿವೆಯೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಆ 2022ರಲ್ಲಿಯೇ ಘೋಷಿಸಿತು. ಶ್ರೀಮಂತರ ಊಟಕ್ಕೆ ಕೇವಿಯರ್ ಎಂಬ ಹೆಸರಿನಿಂದ ಬಡಿಸುವುದು ಈ ಮೀನಿನ ಮೊಟ್ಟೆಯನ್ನೇ. ಮೊಟ್ಟೆಯಿಡಲು ನದಿಯ ಮೇಲ್ಭಾಗಕ್ಕೆ ಹೊರಟರೆ ಅಣೆಕಟ್ಟು ಅಡ್ಡ. ಮೊದಲ ಬಾರಿ ಮೊಟ್ಟೆಯಿಡುವಷ್ಟು ಬೆಳೆಯಲು ಹೆಣ್ಣುಮೀನಿಗೆ ಅನೇಕ ವರ್ಷಗಳೇ ಬೇಕು. ಅಷ್ಟರಲ್ಲಿ ಬಲೆಗೆ ಬಿದ್ದರೆ ಅದರ ಸಂತತಿಯೇ ಇಲ್ಲ. ಕ್ಷುದ್ರಗ್ರಹವನ್ನು ತಡೆಯುವವರು ಅಂದು ಯಾರೂ ಇರಲಿಲ್ಲ. ಬಲೆಯನ್ನು ತಡೆಯಬಲ್ಲವರು ಇಂದು ಇದ್ದಾರೆ.